ಡಾಂಬರು ಬೇಡವೆಂದ ಬಿಳಿ ದಾರಿಗಳು

ಊರಿಗೆ ಡಾಂಬರು ರಸ್ತೆ ಬೇಕೆಂದು ಅರ್ಜಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವ ಗ್ರಾಮಸ್ಥರನ್ನು ಕರ್ನಾಟಕದ ಯಾವ ತಾಲ್ಲೂಕಿನಲ್ಲಾದರೂ ಕಾಣಬಹುದು. ಚುನಾವಣೆ ಬಂದಾಗ ಜನ ಮೊದಲು ಕೇಳುವುದು ಅದನ್ನೇ, ಮೊದಲು ಸಿಗುವ ಆಶ್ವಾಸನೆಯೂ ಅದೇ. ಆದರೆ ‘ಇರುವ ಮಣ್ಣು ರಸ್ತೆಗೆ ದಯವಿಟ್ಟು ಡಾಂಬರು ಹಾಕಬೇಡಿ’ ಎಂಬ ಕೂಗೆದ್ದ ಪ್ರದೇಶವೊಂದು ಇಟಲಿಯಲ್ಲಿದೆ. ಹಾಗೆ ಉಳಿದುಕೊಂಡ ದಾರಿಗಳ ಮೇಲೆ ಸೈಕಲ್ ತುಳಿಯಲೆಂದೇ ಇಂದು ಜಗತ್ತಿನ ನಾನಾ ಕಡೆಗಳಿಂದ ಜನ ಅಲ್ಲಿಗೆ ಹೋಗುತ್ತಾರೆ.

ಸಿಯೆನಾ ಜಿಲ್ಲೆಯ ಈ ದಾರಿಗಳು ಅತ್ಯಂತ ಸುಂದರವಾಗಿ ಕಾಣುವುದು ವಾಲ್ ದೋರ್ಚಾದಲ್ಲಿ, ಅಂದರೆ ಓರ್ಚಾ ನದಿಯ ಕಣಿವೆಯಲ್ಲಿ. ಮಧ್ಯ ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ, ಸಿಯೆನಾ ನಗರದ ದಕ್ಷಿಣಕ್ಕೆ ಈ ಕಣಿವೆ ಹರಡಿಕೊಂಡಿದೆ. ಒಂದರ ಬೆನ್ನಿಗೊಂದು ಸಾಲುಗಟ್ಟಿದ ದುಂಡು ದಿಬ್ಬಗಳು. ದಿಬ್ಬಗಳ ತುಂಬ ಗೋಧಿ ಹೊಲ, ಹುಲ್ಲುಗಾವಲು. ಇಳಿಜಾರಿನಲ್ಲಿ ಆಲಿವ್ ತೋಪು, ದ್ರಾಕ್ಷಿ ತೋಟ. ದಿಬ್ಬದ ನೆತ್ತಿಯಲ್ಲಿ ಒಂಟಿ ಕಲ್ಲುಮನೆ; ಮನೆಗೆ ಹೋಗುವ ದಾರಿಯ ಎರಡೂ ಬದಿಗೆ ಕಾವಲುಗಾರರಂತೆ ನೆಟ್ಟಗೆ ನಿಂತ ಸೈಪ್ರೆಸ್ ಮರಗಳು. ದಕ್ಷಿಣ ದಿಕ್ಕಿನಲ್ಲಿ 1738 ಮೀಟರ್ ಎತ್ತರದ ಅಮಿಯಾತಾ ಬೆಟ್ಟ. ಅದು ಲಕ್ಷಾಂತರ ವರ್ಷಗಳ ಹಿಂದೆ ಉರಿದು ತಣ್ಣಗಾದ ಜ್ವಾಲಾಮುಖಿ.

ಪಿಯೆಂಜಾ, ಸಾನ್ ಕ್ವಿರಿಕೊ, ಮೊಂಟಾಲ್ಚಿನೊ, ಕಾಸ್ತಿಲ್ಯೊನೆ ಹಾಗೂ ರಾಡಿಕೊಫಾನಿ ಎಂಬ ಐದು ಊರುಗಳಿಗೆ ಸೇರಿದ ಸುಮಾರು 61 ಸಾವಿರ ಹೆಕ್ಟೇರ್ ಭೂಮಿಯನ್ನು ಯುನೆಸ್ಕೊ 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈ ಗೌರವ ಸಂದಿರುವುದು ಯಾವುದೋ ಒಂದು ಅರಮನೆಗೋ ಕೋಟೆಗೋ ಅಲ್ಲ. ರೈತ ಉತ್ತು ಬಿತ್ತಿ ರೂಪಿಸಿದ ನೆಲದ ನೋಟಕ್ಕೆ ಎಂಬುದು ವಿಶೇಷ.

ಸದ್ದು ಬದಲಾಗುವ ಜಾಗ

ಕಣಿವೆಯನ್ನು ಒಂದು ದಿನದಲ್ಲಿ ಸುತ್ತಿ ಬರಬೇಕೆನ್ನುವ ಸವಾರರಿಗೆ ಸಾನ್ ಕ್ವಿರಿಕೊ ಅನುಕೂಲವಾದ ಊರು. ಸುತ್ತಲೂ ಕೋಟೆಗೋಡೆಯಿರುವ ಪುಟ್ಟ ಊರು ಇದು. ಇಂಗ್ಲೆಂಡಿನ ಕ್ಯಾಂಟರ್ಬರಿಯಿಂದ ರೋಮಿಗೆ ಯಾತ್ರಿಕರು ನಡೆದುಹೋಗುತ್ತಿದ್ದ ‘ವಿಯಾ ಫ್ರಾಂಚಿಜೆನಾ’ ಎಂಬ ಹಳೆಯ ಹಾದಿ ಇಲ್ಲಿಂದಲೇ ಹಾದುಹೋಗುತ್ತದೆ. ಕ್ರಿ.ಶ. 990ರಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಗೆರಿಕ್ ರೋಮಿನಿಂದ ಹಿಂದಿರುಗಿದಾಗಿನ ತಂಗುದಾಣಗಳ ಪಟ್ಟಿ ಇಂದಿಗೂ ಉಳಿದಿದೆ. ಅದರಲ್ಲಿ ಸಾನ್ ಕ್ವಿರಿಕೊ ಹೆಸರೂ ಇದೆ. ಸಾವಿರ ವರ್ಷಗಳಿಂದ ದಾರಿಹೋಕರನ್ನು ಕಂಡ ಊರು.

ಊರಿನಿಂದ ಸ್ವಲ್ಪ ದೂರ ಹೋದರೆ ಡಾಂಬರು ಮುಗಿಯುತ್ತದೆ. ಮೊದಲು ಅದು ತಿಳಿಯುವುದು ಕಿವಿಗೆ. ಅಲ್ಲಿಯವರೆಗೆ ಸುಯ್ಯೆನ್ನುತ್ತಿದ್ದ ಚಕ್ರ ಕರಕರ ಸದ್ದು ಮಾಡತೊಡಗುತ್ತದೆ. ನೆಲದ ಮೇಲೆ ಪುಡಿ ಮಾಡಿದ ಸುಣ್ಣಕಲ್ಲಿನ ಜಲ್ಲಿ. ಬಿಸಿಲಿಗೆ ಅದು ಕಣ್ಣು ಕುಕ್ಕುವಷ್ಟು ಬೆಳ್ಳಗೆ ಹೊಳೆಯುತ್ತದೆ. ಆದ್ದರಿಂದಲೇ ಸ್ಥಳೀಯರು ಈ ದಾರಿಗಳನ್ನು ‘ಸ್ತ್ರಾದೆ ಬಿಯಾಂಕೆ’ ಎನ್ನುತ್ತಾರೆ. ಬಿಳಿ ರಸ್ತೆಗಳು ಎಂದರ್ಥ. ವಾಹನಗಳು ಅಪರೂಪ. ಹಕ್ಕಿಯ ದನಿ, ದೂರದ ಟ್ರ್ಯಾಕ್ಟರಿನ ಗುಡುಗುಡು, ಕುರಿಗಳ ಕೊರಳ ಗಂಟೆ, ತನ್ನದೇ ಏದುಸಿರು ಇಷ್ಟೇ ಸವಾರನ ಜೊತೆಗಾರರು. ಹೀಗೆ ಹೋಗುವಾಗಲೇ ಎಡಬಲದಲ್ಲಿ ಸೈಪ್ರೆಸ್ ಮರಗಳನ್ನಿಟ್ಟುಕೊಂಡು ಹೊಲದ ನಡುವೆ ಒಂಟಿಯಾಗಿ ನಿಂತ ವಿತಾಲೆತಾದ ಪುಟ್ಟ ಪ್ರಾರ್ಥನಾ ಮಂದಿರ ಕಾಣಿಸಿಕೊಳ್ಳುತ್ತದೆ. ಟಸ್ಕನಿಯ ಕ್ಯಾಲೆಂಡರುಗಳಲ್ಲಿ ಈ ಚಿತ್ರವಿಲ್ಲದಿರುವುದು ಕಷ್ಟ.

ಅಗಲ ಟೈರಿನ ಗುಟ್ಟು

ಇಂಥ ದಾರಿಗಳಿಗೆಂದೇ ಈಗ ‘ಗ್ರಾವೆಲ್ ಬೈಕ್’ ಎಂಬ ಸೈಕಲ್ ಬಂದಿದೆ. ಗ್ರಾವೆಲ್ ಎಂದರೆ ಜಲ್ಲಿ. ಈ ಹೆಸರು ಪ್ರಚಾರಕ್ಕೆ ಬಂದದ್ದು ಅಮೆರಿಕದಿಂದ. ಅಲ್ಲಿನ ಕಾನ್ಸಸ್ ರಾಜ್ಯದ ಎಂಪೋರಿಯಾ ಎಂಬ ಊರಿನಲ್ಲಿ 2006ರಲ್ಲಿ ಆರಂಭವಾದ 200 ಮೈಲಿಗಳ ಜಲ್ಲಿ ರಸ್ತೆಯ ಸ್ಪರ್ಧೆ ಇದಕ್ಕೆ ದೊಡ್ಡ ಹೆಸರು ತಂದಿತು. ನೋಡಲು ಇದು ರೇಸ್ ಸೈಕಲ್ಲಿನಂತೆಯೇ. ಹಿಡಿಕೆ ಕೊಂಬಿನಂತೆ ಕೆಳಗೆ ಬಾಗಿರುತ್ತದೆ. ವ್ಯತ್ಯಾಸವಿರುವುದು ಮುಖ್ಯವಾಗಿ ಟೈರಿನಲ್ಲಿ. ರೇಸ್ ಸೈಕಲ್ಲಿನ ಟೈರು 25ರಿಂದ 30 ಮಿಲಿಮೀಟರ್ ಅಗಲವಿದ್ದರೆ, ಇದರ ಟೈರು ಸಾಮಾನ್ಯವಾಗಿ 35ರಿಂದ 50 ಮಿ.ಮೀ. ಅದರಲ್ಲಿ ತುಂಬುವ ಗಾಳಿಯ ಒತ್ತಡವೂ ಕಡಿಮೆ.

ಒತ್ತಡ ಕಡಿಮೆಯಾದರೆ ಸೈಕಲ್ ಭಾರವಾಗಿ ಓಡುತ್ತದಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ನುಣುಪಾದ ನೆಲದ ಮೇಲೆ ಆ ಮಾತು ಬಹುಮಟ್ಟಿಗೆ ನಿಜ. ಜಲ್ಲಿಯ ಮೇಲೆ ಲೆಕ್ಕ ತಿರುವುಮುರುವಾಗುತ್ತದೆ. ಗಟ್ಟಿ ಟೈರು ಕಲ್ಲಿನ ಮೇಲೆ ಹತ್ತಿದಾಗಲೆಲ್ಲ ಸೈಕಲ್ಲೂ ಸವಾರನೂ ಒಟ್ಟಿಗೆ ಮೇಲಕ್ಕೆ ಎಗರಬೇಕು. ಮುಂದೆ ಹೋಗಲು ಖರ್ಚಾಗಬೇಕಾದ ಶಕ್ತಿ ಮೇಲಕ್ಕೆ ಎಗರುವುದರಲ್ಲೂ ಮೈ ಕುಲುಕುವುದರಲ್ಲೂ ಪೋಲಾಗುತ್ತದೆ. ಮೆತ್ತನೆಯ ಟೈರಾದರೋ ಸಣ್ಣ ಕಲ್ಲನ್ನು ತನ್ನೊಳಗೆ ಒತ್ತಿಸಿಕೊಂಡು ಮುಂದೆ ಉರುಳುತ್ತದೆ; ಸವಾರ ಇದ್ದ ಎತ್ತರದಲ್ಲೇ ಇರುತ್ತಾನೆ.

ನೆಲವನ್ನು ಹಿಡಿಯುವ ಜಾಗದ ಲೆಕ್ಕವೂ ಸ್ವಾರಸ್ಯಕರ. ಸವಾರ, ಸೈಕಲ್ ಸೇರಿ 85 ಕಿಲೋ ತೂಕ ಎಂದುಕೊಳ್ಳಿ. ಟೈರಿನಲ್ಲಿ 80 ಪಿ.ಎಸ್.ಐ. ಒತ್ತಡವಿದ್ದರೆ ಒಂದು ಚದರ ಸೆಂಟಿಮೀಟರ್ ಜಾಗ ಸುಮಾರು 5.6 ಕಿಲೋ ಭಾರ ಹೊರುತ್ತದೆ. ಅಂದರೆ ಎರಡೂ ಚಕ್ರ ಸೇರಿ ನೆಲಕ್ಕೆ ತಾಗುವುದು ಸುಮಾರು 15 ಚದರ ಸೆಂ.ಮೀ. ಮಾತ್ರ. ಒತ್ತಡವನ್ನು 40ಕ್ಕೆ ಇಳಿಸಿದರೆ ಅದು 30 ಚದರ ಸೆಂ.ಮೀ. ಆಗುತ್ತದೆ. ಸಡಿಲ ಜಲ್ಲಿಯಲ್ಲಿ ಜಾರದಿರಲು ಇದು ನೆರವಾಗುತ್ತದೆ. ಟೈರಿಗೆ ಒದ್ದೆ ಸುಣ್ಣ ಬಳಿದು, ರಟ್ಟಿನ ಮೇಲೆ ನಿಲ್ಲಿಸಿ, ಒಬ್ಬರನ್ನು ಮೇಲೆ ಕೂರಿಸಿ ಇಳಿಸಿದರೆ ಮೂಡುವ ಗುರುತನ್ನು ಗ್ರಾಫ್ ಹಾಳೆಯಲ್ಲಿಟ್ಟು ಮಕ್ಕಳು ಮನೆಯಲ್ಲೇ ಅಳೆದು ನೋಡಬಹುದು. ಗಾಳಿ ಸ್ವಲ್ಪ ಇಳಿಸಿ ಮತ್ತೊಮ್ಮೆ ಅಳೆದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಹಾಗೆ ನೋಡಿದರೆ ಇದು ಹೊಸ ವಿದ್ಯೆಯೇನೂ ಅಲ್ಲ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹಿಂದೊಬ್ಬರು ಮುಂದೊಬ್ಬರನ್ನು ಹೊತ್ತು ಕರ್ನಾಟಕದ ಹಳ್ಳಿ ದಾರಿಗಳಲ್ಲಿ ದಶಕಗಳ ಕಾಲ ಓಡಿದ ಕಪ್ಪು ಸೈಕಲ್ಲಿನ ಟೈರು ಒಂದೂವರೆ ಇಂಚು ಅಗಲ, ಅಂದರೆ 38 ಮಿಲಿಮೀಟರ್. ಇಂದಿನ ದುಬಾರಿ ಗ್ರಾವೆಲ್ ಬೈಕಿನ ಅಳತೆಯೂ ಹೆಚ್ಚುಕಡಿಮೆ ಅಷ್ಟೇ!

ಹೊಸದಾಗಿ ಬಂದಿರುವುದು ಬಲವಾದ ಡಿಸ್ಕ್ ಬ್ರೇಕು ಮತ್ತು ಹಗುರ ಗೇರುಗಳು. ಈ ಕಣಿವೆಯಲ್ಲಿ 100 ಮೀಟರ್ ಮುಂದೆ ಹೋಗುವಷ್ಟರಲ್ಲಿ 10 ಮೀಟರ್ ಮೇಲೇರಿಸುವ ದಿಬ್ಬಗಳು ಬೇಕಾದಷ್ಟಿವೆ. ಮುಂದಿನ ಚಕ್ರದಲ್ಲಿ 40 ಹಲ್ಲು, ಹಿಂದಿನದರಲ್ಲೂ 40 ಹಲ್ಲಿರುವ ಗೇರು ಹಾಕಿದರೆ ಪೆಡಲು ಒಂದು ಸುತ್ತು ತಿರುಗಿದಾಗ ಗಾಲಿಯೂ ಒಂದೇ ಸುತ್ತು ತಿರುಗಿ ಸುಮಾರು 2.2 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸಲ ತುಳಿದರೆ ಗಂಟೆಗೆ 8 ಕಿಲೋಮೀಟರ್ ವೇಗ. ಇಳಿಯದೆ, ತಳ್ಳದೆ ದಿಬ್ಬ ಹತ್ತಲು ಅಷ್ಟು ಸಾಕು. ಏರುವಾಗ ಸೀಟು ಬಿಟ್ಟು ಎದ್ದು ನಿಂತು ತುಳಿಯುವಂತಿಲ್ಲ. ಭಾರ ಮುಂದಕ್ಕೆ ಹೋಗಿ ಹಿಂದಿನ ಗಾಲಿ ಜಲ್ಲಿಯಲ್ಲಿ ಸುಮ್ಮನೆ ಗಿರಗಿರನೆ ತಿರುಗುತ್ತದೆ. ಇಳಿಯುವಾಗ ಮುಂದಿನ ಬ್ರೇಕನ್ನು ಗಕ್ಕನೆ ಒತ್ತುವಂತಿಲ್ಲ. ಒತ್ತಿದರೆ ಕಲ್ಲುಗಳು ಗೋಲಿಗಳಂತೆ ಉರುಳಿ ಸವಾರ ನೆಲಕ್ಕೆ.

ಸಮುದ್ರದ ತಳದ ಮೇಲೆ

ವಿತಾಲೆತಾ ದಾಟಿದ ದಾರಿ ಇಳಿದು, ಮತ್ತೆ ಪಿಯೆಂಜಾದ ಕಡೆಗೆ ಕಡಿದಾಗಿ ಏರುತ್ತದೆ. ಏರುವಾಗ ಎರಡೂ ಬದಿಯ ಉತ್ತ ಹೊಲದ ಮಣ್ಣನ್ನು ಗಮನಿಸಬೇಕು. ಬೂದು ಬಣ್ಣದ ಜಿಗುಟು ಜೇಡಿ ಅದು. ಸುಮಾರು 53 ಲಕ್ಷ ವರ್ಷಗಳ ಹಿಂದೆ ಆರಂಭವಾದ ಪ್ಲಿಯೊಸೀನ್ ಯುಗದಲ್ಲಿ ಇಲ್ಲೆಲ್ಲ ಸಮುದ್ರವಿತ್ತು. ಅದರ ತಳದಲ್ಲಿ ಕೂತ ಕೆಸರೇ ಮುಂದೆ ನೆಲ ಮೇಲೆದ್ದಾಗ ಈ ದಿಬ್ಬಗಳಾಯಿತು. ನೇಗಿಲ ಸಾಲಿನಲ್ಲಿ ಇಂದಿಗೂ ಕಡಲ ಚಿಪ್ಪುಗಳು ಸಿಗುತ್ತವೆ. ಟಸ್ಕನಿಯ ಇಂಥ ಜೇಡಿಯಲ್ಲಿ ತಿಮಿಂಗಿಲದ ಎಲುಬುಗಳೂ ದೊರೆತಿವೆ.

ಸಮುದ್ರ ಹೋದರೂ ಅದರ ಉಪ್ಪಿನಂಶ ಮಣ್ಣಿನಲ್ಲಿ ಉಳಿಯಿತು. ಸೋಡಿಯಂ ಹೆಚ್ಚಾದರೆ ಜೇಡಿಯ ಕಣಗಳು ಒಂದನ್ನೊಂದು ಹಿಡಿದಿಟ್ಟುಕೊಳ್ಳಲಾರವು; ಮಳೆ ಬಿದ್ದರೆ ಬಿಡಿಬಿಡಿಯಾಗಿ ಕೊಚ್ಚಿಹೋಗುತ್ತವೆ. ಹೀಗೆ ಕೊರೆದ ಚೂಪು ಕೊರಕಲುಗಳಿಗೆ ‘ಕಲಾಂಕಿ’ ಎಂದೂ, ಬೋಳು ತಲೆಯಂತಿರುವ ಗುಡ್ಡೆಗಳಿಗೆ ‘ಬಿಯಾಂಕಾನೆ’ ಎಂದೂ ಹೆಸರು. ಒಣಗಿದ ದಿನಗಳಲ್ಲಿ ಆ ಗುಡ್ಡೆಗಳ ಮೈಮೇಲೆ ಸೋಡಿಯಂ ಸಲ್ಫೇಟ್ ಹರಳುಗಟ್ಟಿ ಬೆಳ್ಳಗೆ ಹಿಟ್ಟು ಚೆಲ್ಲಿದಂತೆ ಕಾಣುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಇವುಗಳಲ್ಲಿ ಬಹಳಷ್ಟನ್ನು ಬುಲ್ಡೋಜರಿನಿಂದ ಸಮ ಮಾಡಿ ಹೊಲ ಮಾಡಲಾಯಿತು. ಪ್ರವಾಸಿ ಮೆಚ್ಚುವ ಮೆತ್ತನೆಯ ದಿಬ್ಬಗಳು ಪ್ರಕೃತಿಯೊಂದರದೇ ಕೆಲಸವಲ್ಲ.

ಮಳೆ ಬಂದಾಗ ಈ ದಾರಿಗಳ ಇನ್ನೊಂದು ಮುಖ ಕಾಣುತ್ತದೆ. 2010ರ ಮೇ ತಿಂಗಳಲ್ಲಿ ಇಟಲಿಯ ಹೆಸರಾಂತ ‘ಜಿರೊ ದಿತಾಲಿಯಾ’ ಸ್ಪರ್ಧೆಯ ಒಂದು ದಿನದ ಓಟ ಬಿಳಿ ರಸ್ತೆಗಳ ಮೇಲೆ ಮೊಂಟಾಲ್ಚಿನೊಗೆ ಬಂದಿತ್ತು. ಅಂದು ಮಳೆ. ಜಗತ್ತಿನ ದೊಡ್ಡ ದೊಡ್ಡ ಸ್ಪರ್ಧಿಗಳು ಕೆಸರಿನ ಬೊಂಬೆಗಳಾದರು. ಯಾರು ಯಾವ ತಂಡದವರೆಂಬುದೇ ಗೊತ್ತಾಗದಂತಾಯಿತು. ವಿಶ್ವ ಚಾಂಪಿಯನ್ನನ ಅಂಗಿ ತೊಟ್ಟಿದ್ದ ಆಸ್ಟ್ರೇಲಿಯದ ಕ್ಯಾಡೆಲ್ ಇವಾನ್ಸ್ ಗೆದ್ದಾಗ ಆ ಅಂಗಿಯ ಬಣ್ಣವೇ ಕೆಸರಿನಲ್ಲಿ ಮುಚ್ಚಿಹೋಗಿತ್ತು.

ಸುಮಾರು 490 ಮೀಟರ್ ಎತ್ತರದ ದಿಬ್ಬದ ಮೇಲಿರುವ ಪಿಯೆಂಜಾ ಊಟಕ್ಕೆ ತಕ್ಕ ಜಾಗ. ಇದರ ಹಳೆಯ ಹೆಸರು ಕೊರ್ಸಿನ್ಯಾನೊ. ಇಲ್ಲಿ 1405ರಲ್ಲಿ ಹುಟ್ಟಿದ ಎನೆಯಾ ಸಿಲ್ವಿಯೊ ಪಿಕ್ಕೊಲೊಮಿನಿ ಮುಂದೆ ಎರಡನೆಯ ಪಯಸ್ ಎಂಬ ಪೋಪ್ ಆದರು. ಹುಟ್ಟಿದ ಹಳ್ಳಿಯನ್ನು 1459ರಿಂದ ವಾಸ್ತುಶಿಲ್ಪಿ ರೊಸೆಲ್ಲಿನೊ ಅವರ ಕೈಯಲ್ಲಿ ಹೊಸದಾಗಿ ಕಟ್ಟಿಸಿ, ತಮ್ಮ ಹೆಸರನ್ನೇ ಇಟ್ಟರು. ಇಲ್ಲಿನ ಕುರಿ ಹಾಲಿನ ಚೀಸ್ ಪ್ರಸಿದ್ಧ. ಶ್ಯಾವಿಗೆಯನ್ನು ನೆನಪಿಸುವ, ಆದರೆ ಬೆರಳಿನಿಂದ ದಪ್ಪಗೆ ಹೊಸೆದ ‘ಪೀಚಿ’ಯನ್ನು ಬೆಳ್ಳುಳ್ಳಿ-ಟೊಮ್ಯಾಟೊ ಗೊಜ್ಜಿನಲ್ಲಿ ಕಲಸಿ ಕೊಡುತ್ತಾರೆ. ಸಸ್ಯಾಹಾರಿಗಳಿಗೂ ಚಿಂತೆಯಿಲ್ಲ. ಬ್ರೆಡ್ಡಿಗೆ ಮಾತ್ರ ಉಪ್ಪಿರುವುದಿಲ್ಲ; ಅದು ಟಸ್ಕನಿಯ ಪದ್ಧತಿ.

ದಾರಿಗಳು ಖಾಲಿಯಾದ ಕಥೆ

ಪಿಯೆಂಜಾದಿಂದ ಆಗ್ನೇಯಕ್ಕೆ ಹೊರಟರೆ ಮೊಂತಿಕ್ಕಿಯೆಲ್ಲೊ ಎಂಬ ಹಳ್ಳಿ. ದಾರಿಯಲ್ಲಿ ಸಿಗುವ ಕಲ್ಲುಮನೆಗಳಲ್ಲಿ ಈಗ ಬಹಳಷ್ಟು ಪ್ರವಾಸಿಗರ ತಂಗುಮನೆಗಳು. ಈಜುಕೊಳ, ಹೂಕುಂಡ ಎಲ್ಲ ಉಂಟು. ಹಾಗಾದರೆ ಮೊದಲು ಅಲ್ಲಿದ್ದವರು ಎಲ್ಲಿ ಹೋದರು?

ಈ ನಾಡಿನಲ್ಲಿ ಶತಮಾನಗಳ ಕಾಲ ‘ಮೆಜ್ಜಾದ್ರಿಯಾ’ ಎಂಬ ಸಾಗುವಳಿ ಪದ್ಧತಿಯಿತ್ತು. ಭೂಮಿ, ಮನೆ ಒಡೆಯನದು, ದುಡಿಮೆ ರೈತ ಕುಟುಂಬದ್ದು, ಬೆಳೆ ಅರ್ಧರ್ಧ. ಕನ್ನಡ ನಾಡಿನ ಹಿರಿಯರು ‘ಕೋರು’ ಎಂದರೆ ಅರ್ಥ ಮಾಡಿಕೊಳ್ಳುತ್ತಾರೆ. ದಿಬ್ಬಕ್ಕೊಂದರಂತೆ ಮನೆ, ಮನೆಗೊಂದು ದಾರಿ ಹುಟ್ಟಿದ್ದೇ ಈ ಪದ್ಧತಿಯಿಂದ. ಇಂದು ಸವಾರರು ಸಂತೋಷದಿಂದ ತುಳಿಯುವ ದಾರಿಗಳಲ್ಲಿ ಅಂದು ಎತ್ತಿನ ಗಾಡಿಗಳು ಒಡೆಯನ ಪಾಲಿನ ಗೋಧಿಯನ್ನು ಹೊತ್ತು ಹೋಗುತ್ತಿದ್ದವು. ಎರಡನೆಯ ಮಹಾಯುದ್ಧದ ನಂತರ ಕಾರ್ಖಾನೆಗಳು ಕೈಬೀಸಿ ಕರೆದಾಗ ರೈತರ ಮಕ್ಕಳು ಪಟ್ಟಣ ಸೇರಿದರು. 1964ರ ಕಾನೂನು ಇಂಥ ಹೊಸ ಕರಾರುಗಳನ್ನೇ ನಿಷೇಧಿಸಿತು. ಅಷ್ಟರಲ್ಲಾಗಲೇ ಮನೆಗಳು ಬರಿದಾಗಿದ್ದವು. ಖಾಲಿ ಬಿದ್ದ ಹೊಲಗಳಿಗೆ ಸಾರ್ಡೀನಿಯಾ ದ್ವೀಪದ ಕುರಿಗಾಹಿಗಳು ಬಂದು ನೆಲೆಸಿದರು. ಪಿಯೆಂಜಾದ ಇಂದಿನ ಚೀಸಿನ ಖ್ಯಾತಿಯಲ್ಲಿ ಅವರ ಪಾಲು ದೊಡ್ಡದು.

ಜನವಿಲ್ಲದ ಮನೆಗೆ ಹೋಗುವ ದಾರಿಗೆ ಡಾಂಬರು ಹಾಕುವವರು ಯಾರು? ಬಿಳಿ ರಸ್ತೆಗಳು ಉಳಿದದ್ದಕ್ಕೆ ಇದೂ ಒಂದು ಕಾರಣ. ಪ್ರವಾಸಿಗೆ ಹಿತವಾಗುವ ಮೌನದ ಹಿಂದೆ ಊರು ಬಿಟ್ಟವರ ದುಃಖವಿದೆ.

ಆ ದುಃಖವನ್ನು ಮೊಂತಿಕ್ಕಿಯೆಲ್ಲೊ ಜನ ವಿಶಿಷ್ಟ ರೀತಿಯಲ್ಲಿ ಎದುರಿಸಿದರು. 1967ರಲ್ಲಿ ಅವರು ‘ತೆಯಾತ್ರೊ ಪೋವೆರೊ’, ಅಂದರೆ ಬಡವರ ರಂಗಭೂಮಿ ಆರಂಭಿಸಿದರು. ಪ್ರತಿ ಬೇಸಿಗೆಯಲ್ಲಿ ಊರಿನ ಚೌಕದಲ್ಲೇ ಹೊಸ ನಾಟಕ. ಕಥೆ ತಮ್ಮದೇ ಊರಿನ ಬದುಕು, ಊರೆಲ್ಲ ಕೂಡಿ ಚರ್ಚಿಸಿ ಕಟ್ಟುತ್ತಾರೆ, ನಟರೂ ಊರಿನವರೇ. ಯುದ್ಧ, ಕೋರು ಸಾಗುವಳಿಯ ಕಷ್ಟ, ಊರು ಖಾಲಿಯಾಗುವ ಭಯ, ಪ್ರವಾಸಿಗರಿಂದಾದ ಲಾಭ-ನಷ್ಟ ಎಲ್ಲವೂ ವೇದಿಕೆಗೆ ಬಂದಿವೆ.

ಅರವತ್ತು ಮಂದಿಯ ನಡಿಗೆ

ಮೊಂತಿಕ್ಕಿಯೆಲ್ಲೊದಿಂದ ಮುಂದೆ, ಕಣಿವೆಯ ಪೂರ್ವದ ಅಂಚಿನಲ್ಲಿ ಲಾ ಫೋಚೆ ಎಂಬ ಎಸ್ಟೇಟಿದೆ. ಅದರ ಎದುರಿನ ಗುಡ್ಡದ ಮೇಲೆ ಸೈಪ್ರೆಸ್ ಮರಗಳನ್ನು ಜೊತೆಗಿಟ್ಟುಕೊಂಡು ಹಾವಿನಂತೆ ಹತ್ತುವ ಬಿಳಿ ದಾರಿ ಟಸ್ಕನಿಯಲ್ಲೇ ಅತಿ ಹೆಚ್ಚು ಛಾಯಾಚಿತ್ರಕ್ಕೆ ಸಿಕ್ಕ ದಾರಿಗಳಲ್ಲೊಂದು. ಅದು ಪುರಾತನವಾದದ್ದೇನಲ್ಲ. 1924ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದ ಅಂತೋನಿಯೊ ಮತ್ತು ಐರಿಸ್ ಓರಿಗೊ ದಂಪತಿಯ ಕಾಲದ್ದು. ಅವರು ಬಂದಾಗ ಇದು ಕೊರಕಲು ಬಿದ್ದ ಜೇಡಿಯ ಬರಡು ನೆಲ. ಮಣ್ಣು ಸುಧಾರಿಸಿ, ದಾರಿಗಳನ್ನು ಹಾಕಿಸಿ, ರೈತರ ಮಕ್ಕಳಿಗೆ ಶಾಲೆಯನ್ನೂ ಚಿಕಿತ್ಸಾಲಯವನ್ನೂ ತೆರೆದರು.

ಯುದ್ಧ ಬಂತು. 1943ರಲ್ಲಿ ಜೆನೊವಾ, ಟುರಿನ್ ನಗರಗಳ ಮೇಲೆ ಬಾಂಬು ಬೀಳುತ್ತಿದ್ದಾಗ ಅಲ್ಲಿನ 23 ಮಕ್ಕಳಿಗೆ ಲಾ ಫೋಚೆ ಆಶ್ರಯ ನೀಡಿತು. ಮರು ವರ್ಷ ರಣರಂಗ ಈ ಕಣಿವೆಗೇ ಬಂದಿತು. 1944ರ ಜೂನ್ 22ರಂದು ಮನೆ ಬಿಟ್ಟು ಹೊರಡಬೇಕಾದಾಗ ಐರಿಸ್ ಮತ್ತು ಅಂತೋನಿಯೊ ಮಕ್ಕಳನ್ನೂ ಕೂಸುಗಳನ್ನೂ ಕರೆದುಕೊಂಡು ಸುಮಾರು 60 ಮಂದಿಯೊಡನೆ ಮೊಂತೆಪುಲ್ಚಾನೊ ಪಟ್ಟಣಕ್ಕೆ ನಡೆದೇ ಹೊರಟರು. ದೂರ 12-13 ಕಿಲೋಮೀಟರ್. ಬಿಸಿಲು. ಕಾಲಕೆಳಗೆ ನೆಲಬಾಂಬಿನ ಭಯ, ತಲೆಯ ಮೇಲೆ ವಿಮಾನಗಳ ಭಯ. ಕೊನೆಗೆ ಮೊಂತೆಪುಲ್ಚಾನೊ ಜನ ಎದುರು ಬಂದು ಮಕ್ಕಳನ್ನು ಎತ್ತಿಕೊಂಡು ತಮ್ಮ ಮನೆಗಳಿಗೆ ಕರೆದೊಯ್ದರು. ಆ ದಿನಗಳ ದಿನಚರಿಯನ್ನು ಐರಿಸ್ 1947ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಇಂದು ಸೈಕಲ್ಲಿನಲ್ಲಿ ಒಂದು ಗಂಟೆಯೊಳಗೆ ಮುಗಿಯುವ ಈ ದೂರವನ್ನು ಎಳೆಯ ಕಾಲುಗಳು ಅಂದು ಹೇಗೆ ನಡೆದವೋ ಎಂದು ನೆನೆದರೆ ಸವಾರನ ಮಂಡಿನೋವು ಸಣ್ಣದೆನಿಸುತ್ತದೆ.

ಉಳಿಸಿದವರು ಯಾರು?

ಲಾ ಫೋಚೆಯಿಂದ ದಾರಿ ಮತ್ತೆ ಓರ್ಚಾ ನದಿಯ ಕಡೆಗೆ ಇಳಿಯುತ್ತದೆ. ಕೆಳಗಿನ ಮುಖ್ಯ ರಸ್ತೆಗಳಿಗೆಲ್ಲ ಡಾಂಬರಿದೆ. ಬಿಳಿ ರಸ್ತೆಗಳಿಗೂ ಅದೇ ಗತಿ ಬರಬೇಕಿತ್ತು. ಒಂದು ಕಾಲಕ್ಕೆ ಇಟಲಿಯ ಸೈಕಲ್ ವೀರರಾದ ಜಿನೊ ಬಾರ್ತಾಲಿ, ಫೌಸ್ತೊ ಕೊಪ್ಪಿ ಸ್ಪರ್ಧಿಸಿದ್ದು ಇಂಥ ದೂಳಿನ ರಸ್ತೆಗಳ ಮೇಲೇ. ಕಳೆದ ಶತಮಾನದ ಕೊನೆಯ ಹೊತ್ತಿಗೆ ಅವು ಒಂದೊಂದಾಗಿ ಡಾಂಬರಿನಡಿ ಮಾಯವಾಗುತ್ತಿದ್ದವು.

ಅದನ್ನು ತಡೆಯಬೇಕೆಂದು ಹೊರಟವರು ಸಿಯೆನಾದ ಉತ್ತರಕ್ಕಿರುವ ಕಿಯಾಂತಿ ಸೀಮೆಯ ಗಾಯೊಲೆ ಎಂಬ ಊರಿನ ಜಾನ್‌ಕಾರ್ಲೊ ಬ್ರೋಚಿ. ಧರಣಿ, ಘೋಷಣೆಗಳ ಬದಲು ಅವರು ಸೈಕಲ್ ಸವಾರಿ ಏರ್ಪಡಿಸಿದರು. 1997ರಲ್ಲಿ ನಡೆದ ಮೊದಲ ‘ಎರೊಯಿಕಾ’ ಸವಾರಿಗೆ ಬಂದವರು 92 ಮಂದಿ. ಗೆಲುವು ಸೋಲು ಇಲ್ಲ. ಹಳೆಯ ಸೈಕಲ್, ಹಳೆಯ ಉಣ್ಣೆಯ ಅಂಗಿ, ಹಳೆಯ ದಾರಿ. ಇಂದಿಗೂ 1987ಕ್ಕಿಂತ ಹಿಂದಿನ ರೀತಿಯ ಸೈಕಲ್ಲಿಗೆ ಮಾತ್ರ ಅಲ್ಲಿ ಪ್ರವೇಶ. ಈಗ ಪ್ರತಿ ಅಕ್ಟೋಬರಿನಲ್ಲಿ ಸಾವಿರಾರು ಜನ ಬರುತ್ತಾರೆ. ಅದರ 209 ಕಿಲೋಮೀಟರ್ ದಾರಿಗೆ ಶಾಶ್ವತ ಫಲಕಗಳನ್ನು ಹಾಕಲಾಗಿದ್ದು, ವರ್ಷವಿಡೀ ಯಾರು ಬೇಕಾದರೂ ಆ ಜಾಡಿನಲ್ಲಿ ಹೋಗಬಹುದು. 2007ರಲ್ಲಿ ವೃತ್ತಿಪರರ ಸ್ಪರ್ಧೆಯೂ ಹುಟ್ಟಿಕೊಂಡಿತು. ಸಿಯೆನಾ ನಗರದ ಚೌಕದಲ್ಲಿ ಮುಗಿಯುವ ಅದರ ಹೆಸರೇ ‘ಸ್ತ್ರಾದೆ ಬಿಯಾಂಕೆ’. 2015ರಿಂದ ಮಹಿಳೆಯರ ಸ್ಪರ್ಧೆಯೂ ನಡೆಯುತ್ತಿದೆ. ಹಿಂದುಳಿದಿರುವುದರ ಗುರುತಾಗಿದ್ದ ಮಣ್ಣು ರಸ್ತೆ ಊರಿನ ಹೆಮ್ಮೆಯಾಯಿತು.

ದೂಳಿನ ಲೆಕ್ಕ

ಹಾಗೆಂದು ಎಲ್ಲವೂ ಸುಖವೇ ಎಂದಲ್ಲ. ಬೇಸಿಗೆಯಲ್ಲಿ ಒಂದು ಕಾರು ಹೋದರೆ ಹಿಟ್ಟಿನಂಥ ದೂಳು ಎದ್ದು ದಾರಿಬದಿಯ ಮನೆ, ಆಲಿವ್ ಎಲೆ, ಒಣಗಲು ಹಾಕಿದ ಬಟ್ಟೆಯ ಮೇಲೆಲ್ಲ ಕೂರುತ್ತದೆ. ವರ್ಷವಿಡೀ ಅಲ್ಲೇ ಇರುವವರಿಗೆ, ಶಾಲೆಗೆ ಹೋಗುವ ಮಕ್ಕಳಿಗೆ, ರಾತ್ರಿ ಆಸ್ಪತ್ರೆಗೆ ಓಡಬೇಕಾದ ಮುದುಕರಿಗೆ ಡಾಂಬರು ಬೇಕೆನಿಸಿದರೆ ತಪ್ಪೇನು? ಎರಡು ದಿನ ಇದ್ದು ಹೋಗುವ ಪ್ರವಾಸಿ ಈ ಪ್ರಶ್ನೆಗೆ ಉತ್ತರ ಹೇಳುವುದು ಸುಲಭ. ದೂಳು ಕುಡಿಯುವವರು ಬೇರೆಯವರಲ್ಲವೇ?

ಇದಕ್ಕಿರುವ ಉತ್ತರವೆಂದರೆ ನಿರಂತರ ಆರೈಕೆ. ಮಣ್ಣು ರಸ್ತೆಯನ್ನು ಹಾಗೇ ಬಿಟ್ಟರೆ ಅದು ಉಳಿಯುವುದಿಲ್ಲ. ಅದರ ದೊಡ್ಡ ಶತ್ರು ನಿಂತ ನೀರು. ರಸ್ತೆಯ ನಡು ತುಸು ಉಬ್ಬಿರಬೇಕು, ಎರಡು ಬದಿಗೆ ಹೂಳಿಲ್ಲದ ಚರಂಡಿ ಇರಬೇಕು, ಮಳೆಗಾಲ ಮುಗಿದೊಡನೆ ಕೊಚ್ಚಿಹೋದ ಜಲ್ಲಿಯನ್ನು ಮತ್ತೆ ಹರಡಿ ಸಮ ಮಾಡಬೇಕು. ವಾಹನಗಳು ವೇಗವಾಗಿ ಓಡಿದರೆ ಜಲ್ಲಿಯ ಮೇಲೆ ತಗಡಿನ ಶೀಟಿನಂತೆ ಅಡ್ಡಡ್ಡ ಸುಕ್ಕುಗಳು ಏಳುತ್ತವೆ. ಪ್ರಯೋಗಾಲಯದಲ್ಲಿ ದುಂಡನೆಯ ಮರಳ ಹಾದಿಯ ಮೇಲೆ ಪುಟ್ಟ ಚಕ್ರ ಓಡಿಸಿ ವಿಜ್ಞಾನಿಗಳು ಇದನ್ನು ಪರೀಕ್ಷಿಸಿದ್ದಾರೆ. ಒಂದು ಮಿತಿಗಿಂತ ಕಡಿಮೆ ವೇಗದಲ್ಲಿ ಮರಳು ಸಮತಟ್ಟಾಗಿಯೇ ಇರುತ್ತದೆ. ಮಿತಿ ದಾಟಿದೊಡನೆ ಚಕ್ರ ಸಣ್ಣ ಉಬ್ಬಿನಿಂದ ಎಗರಿ, ಬಿದ್ದಲ್ಲಿ ಗುಂಡಿ ತೋಡಿ, ಮುಂದೆ ಇನ್ನೊಂದು ಉಬ್ಬು ಮಾಡುತ್ತದೆ. ನಿಧಾನವಾಗಿ ಹೋಗುವ ಚಾಲಕ ದೂಳನ್ನೂ ಕಡಿಮೆ ಮಾಡುತ್ತಾನೆ, ರಸ್ತೆಯನ್ನೂ ಉಳಿಸುತ್ತಾನೆ. ಸೈಕಲ್ಲಿನಿಂದ ಈ ಎರಡು ತೊಂದರೆಯೂ ಹೆಚ್ಚುಕಡಿಮೆ ಇಲ್ಲ. ಅದರ ಸವಾರರು ತಂಗಿ, ಉಂಡು, ಖರ್ಚು ಮಾಡುವ ಹಣ ಖಾಲಿಯಾಗುತ್ತಿರುವ ಹಳ್ಳಿಗಳಲ್ಲೇ ಉಳಿಯುತ್ತದೆಂಬುದೂ ನಿಜ.

ಬಿಸಿನೀರಿನ ಚೌಕ

ಸಂಜೆಯ ಹೊತ್ತಿಗೆ ಸವಾರಿ ಬಾನ್ಯೊ ವಿನ್ಯೋನಿ ತಲುಪುತ್ತದೆ. ಇಟಲಿಯ ಊರುಗಳಲ್ಲಿ ನಡುವೆ ಕಲ್ಲು ಹಾಸಿದ ಚೌಕವಿದ್ದರೆ, ಇಲ್ಲಿ ಚೌಕದ ಜಾಗದಲ್ಲಿ ಕೊಳವೇ ಇದೆ. ನೆಲದಾಳದಿಂದ ಬರುವ ನೀರಿನ ಬಿಸಿ ಸುಮಾರು 50 ಡಿಗ್ರಿ ಸೆಲ್ಸಿಯಸ್. ಬೆಂಕಿ ಆರಿದರೂ ಅಮಿಯಾತಾ ಸೀಮೆಯ ನೆಲದೊಳಗಿನ ಕಾವು ಇನ್ನೂ ಆರಿಲ್ಲ. ಕೊಳದಲ್ಲಿ ಇಳಿಯಲು ಅನುಮತಿಯಿಲ್ಲ. ಆದರೆ ಅದರಿಂದ ಹರಿದುಬರುವ ಕಾಲುವೆಯಲ್ಲಿ ಕಾಲು ಇಳಿಬಿಟ್ಟು ಕೂರಬಹುದು. ಇದೇ ನೀರು ಕೆಳಗಿನ ಬಂಡೆಯಲ್ಲಿ ಕೊರೆದ ಹಿಟ್ಟಿನ ಗಿರಣಿಗಳನ್ನು ತಿರುಗಿಸುತ್ತಿತ್ತು. ಬೇಸಿಗೆಯಲ್ಲಿ ಹೊಳೆಗಳು ಒಣಗಿ ಉಳಿದ ಗಿರಣಿಗಳು ನಿಂತಾಗಲೂ ಇವು ನಿಲ್ಲುತ್ತಿರಲಿಲ್ಲ. ಇಲ್ಲಿಂದ ಸಾನ್ ಕ್ವಿರಿಕೊ ಸುಮಾರು 5 ಕಿಲೋಮೀಟರ್, ಎಲ್ಲ ಏರು.

ಹೋಗಬಯಸುವವರಿಗೆ ಕೆಲವು ಮಾತು. ಫ್ಲಾರೆನ್ಸ್‌ನಿಂದ ಸಿಯೆನಾಕ್ಕೆ, ಅಲ್ಲಿಂದ ಬುವೊನ್‌ಕೊನ್ವೆಂತೊವರೆಗೆ ರೈಲಿದೆ. ಏಪ್ರಿಲ್-ಮೇ ತಿಂಗಳಲ್ಲಿ ಕಣಿವೆ ಹಸಿರು; ಜೂನಿನಲ್ಲಿ ಗೋಧಿ ಹೊಂಬಣ್ಣಕ್ಕೆ ತಿರುಗುತ್ತದೆ; ಅಕ್ಟೋಬರಿನಲ್ಲಿ ಉತ್ತ ಮಣ್ಣಿನ ಕಂದು. ಜುಲೈ-ಆಗಸ್ಟ್ ಬಿಸಿಲು ಕಠಿಣ. ಸೈಕಲ್ಲುಗಳು, ಬ್ಯಾಟರಿ ನೆರವಿನ ಸೈಕಲ್ಲುಗಳೂ ಬಾಡಿಗೆಗೆ ಸಿಗುತ್ತವೆ. ಹೆಲ್ಮೆಟ್, ಪಂಪು, ಒಂದು ಹೆಚ್ಚುವರಿ ಟ್ಯೂಬು, ಎರಡು ಬಾಟಲಿ ನೀರು ಜೊತೆಗಿರಲಿ. ಮಕ್ಕಳೊಡನೆ ಹೋದವರು ಇಡೀ ಸುತ್ತಿನ ಆಸೆ ಬಿಟ್ಟು ಸಾನ್ ಕ್ವಿರಿಕೊದಿಂದ ವಿತಾಲೆತಾವರೆಗೆ ಹೋಗಿ ಬಂದರೂ ಸಾಕು. ವಾಹನ ಹೆಚ್ಚಿರುವ ಕಾಸ್ಸಿಯಾ ಹೆದ್ದಾರಿಯನ್ನು ಮಾತ್ರ ಆದಷ್ಟೂ ತಪ್ಪಿಸಬೇಕು.

ಹಿಂದಿರುಗುವಾಗ ಸಿಯೆನಾದ ಹಳೆಯ ನಗರಸಭಾ ಭವನವನ್ನು ನೋಡದೆ ಬರಬಾರದು. ಅಲ್ಲಿನ ಗೋಡೆಗಳ ಮೇಲೆ ಆಂಬ್ರೋಜೊ ಲೊರೆಂಜೆತ್ತಿ ಎಂಬ ಕಲಾವಿದ 1338-39ರಲ್ಲಿ ಒಳ್ಳೆಯ ಆಡಳಿತ ಮತ್ತು ಕೆಟ್ಟ ಆಡಳಿತದ ಫಲಗಳನ್ನು ಚಿತ್ರಿಸಿದ್ದಾನೆ. ನಗರವನ್ನು ಆಳುವವರು ದಿನವೂ ನೋಡಲೆಂದೇ ಬರೆದ ಚಿತ್ರಗಳವು. ಕೆಟ್ಟ ಆಡಳಿತದಲ್ಲಿ ಹೊಲ ಬರಡು, ಹಳ್ಳಿ ಹಾಳು. ಒಳ್ಳೆಯ ಆಡಳಿತದಲ್ಲಿ ಇದೇ ಸೀಮೆಯ ದಿಬ್ಬಗಳು, ಉಳುವ ರೈತರು, ಹೇರು ಹೊತ್ತ ಕತ್ತೆಗಳು, ಊರಬಾಗಿಲಿನಿಂದ ಹೊಲದ ಕಡೆಗೆ ನಿರ್ಭಯವಾಗಿ ಸಾಗುವ ಜನ. ಅವರು ನಡೆಯುತ್ತಿರುವ ದಾರಿಗೂ ಡಾಂಬರಿಲ್ಲ. ಆದರೆ ಅದು ಗುಂಡಿ ಬಿದ್ದಿಲ್ಲ, ಖಾಲಿಯೂ ಇಲ್ಲ.